ವ್ಯಾಪಾರ ವಿಚಾರ: ಕಾರ್ಡಿನ ಮೇಲಿನ ಎರಡು ಪರ್ಸೆಂಟು

ಹಿಂದೂಪುರವಿರಲಿ, ಕಲ್ಯಾಣದುರ್ಗವಿರಲಿ, ಅಂಗಡಿಯ ಗಲ್ಲಾದ ಬಳಿ ಒಂದು ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತಿದೆ: "ಕಾರ್ಡಾದರೆ ಎರಡು ಪರ್ಸೆಂಟು ಜಾಸ್ತಿ ಆಗುತ್ತದೆ ಸಾರ್." ಕೇಳಿದರೆ, ಅದು ಬ್ಯಾಂಕಿನವರದು, ನಮ್ಮದಲ್ಲ ಎನ್ನುತ್ತಾರೆ. ಆ ಎರಡು ಪರ್ಸೆಂಟಿನ ಲೆಕ್ಕವನ್ನು ಈ ಸಲ ಬಿಡಿಸಿ ನೋಡಿದ್ದೇವೆ.

ಮದುವೆ ಜವಳಿಗೆ ಬಂದವರು 18,000 ರೂಪಾಯಿ ಬಟ್ಟೆ ಆರಿಸಿ ಡೆಬಿಟ್ ಕಾರ್ಡು ಕೊಟ್ಟರೆನ್ನಿ. ಹುಡುಗ 360 ರೂಪಾಯಿ ಸೇರಿಸಿ ಉಜ್ಜಿದ. ಬ್ಯಾಂಕು ಅಂಗಡಿಯಿಂದ ಹಿಡಿಯುವುದೆಷ್ಟು? ರಿಸರ್ವ್ ಬ್ಯಾಂಕು 2018ರ ಜನವರಿ 1ರಿಂದ ಮಿತಿ ಹಾಕಿದೆ. ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದ ಚಿಕ್ಕ ಅಂಗಡಿಗೆ ಮಶೀನಿನಲ್ಲಿ ಹೆಚ್ಚೆಂದರೆ ನೂರಕ್ಕೆ 40 ಪೈಸೆ, ಅದಕ್ಕೆ ಮೇಲ್ಪಟ್ಟವರಿಗೆ 90 ಪೈಸೆ. ದೊಡ್ಡ ಅಂಗಡಿಯೆಂದೇ ಇಟ್ಟುಕೊಂಡರೂ 162 ರೂಪಾಯಿ. ಅದರ ಮೇಲೆ 18 ಪರ್ಸೆಂಟು ಜಿಎಸ್‌ಟಿ, 29 ರೂಪಾಯಿ 16 ಪೈಸೆ. ಒಟ್ಟು 191 ಚಿಲ್ಲರೆ. (ಜಿಎಸ್‌ಟಿ ರಿಟರ್ನು ಸಲ್ಲಿಸಿ ಇನ್‌ಪುಟ್ ಕ್ರೆಡಿಟ್ ಪಡೆಯುವವರಿಗೆ ಆ 29 ರೂಪಾಯಿಯೂ ವಾಪಸು ಬಂದಂತೆಯೇ.) ಮಿಕ್ಕ 169 ರೂಪಾಯಿ ಬ್ಯಾಂಕಿಗೆ ಹೋಗಲಿಲ್ಲವಷ್ಟೆ? ಅದೇ ಕಾರ್ಡು ರುಪೇ ಆಗಿದ್ದರೆ 2020ರ ಜನವರಿ 1ರಿಂದ ವ್ಯಾಪಾರಿಗೆ ಶುಲ್ಕವೇ ಇಲ್ಲ. ಆಗ 360 ರೂಪಾಯಿಯೂ ಗಲ್ಲಾ ಪೆಟ್ಟಿಗೆಗೇ ಬಿತ್ತು. ಇದನ್ನು ಬ್ಯಾಂಕಿನ ಖರ್ಚೆಂದು ಹೇಳಿಕೊಳ್ಳುವುದು ಯಾವ ಬಾಯಿಂದ?

ಕಡಿಮೆ ತೆಗೆದುಕೊಂಡರೂ ಸರಿಯಾಗದು. ಡೆಬಿಟ್ ಕಾರ್ಡಿಗೆ ಗಿರಾಕಿಯಿಂದ ಶುಲ್ಕ ವಸೂಲು ಮಾಡುವುದು ಸಲ್ಲದು, ಮಾಡುವ ವ್ಯಾಪಾರಿಯ ಸಂಬಂಧವನ್ನು ಕಡಿದುಕೊಳ್ಳಿ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆಯಿತು. 2017ರ ಡಿಸೆಂಬರಿನ ಆದೇಶದಲ್ಲಿಯೂ, ಈ ಭಾರ ಗಿರಾಕಿಯ ಮೇಲೆ ಬೀಳದಂತೆ ಬ್ಯಾಂಕುಗಳೇ ನೋಡಿಕೊಳ್ಳಬೇಕೆಂದು ಹೇಳಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳತೂಕದ ಜೊತೆಗೆ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಕ್ರೆಡಿಟ್ ಕಾರ್ಡಿನ ಮಾತು ಬೇರೆ. ಅಲ್ಲಿ ವ್ಯಾಪಾರಿಯ ಕಷ್ಟ ನಿಜ. ಅದಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿಲ್ಲ. ಸಾಮಾನ್ಯವಾಗಿ ಎರಡರ ಆಸುಪಾಸು ಬೀಳುತ್ತದೆ. ಯುಪಿಐ ಖಾತೆಯಿಂದ ಬಂದರೆ ಶುಲ್ಕವಿಲ್ಲ, ಆದರೆ ಅದೇ ಕ್ಯೂಆರ್‌ಗೆ ರುಪೇ ಕ್ರೆಡಿಟ್ ಕಾರ್ಡಿನಿಂದ ದೊಡ್ಡ ಮೊತ್ತ ಕೊಟ್ಟರೆ ಅದಕ್ಕೂ ಶುಲ್ಕವುಂಟು. ಇದು ಬಹಳ ಜನರಿಗೆ ತಿಳಿದಿಲ್ಲ. ಜವಳಿಯವರು, ಪಾತ್ರೆಯವರು ಈ ಎರಡನ್ನು ತಡೆದುಕೊಳ್ಳಬಲ್ಲರು. ಬಾಡಿಗೆ, ಕರೆಂಟು, ಆಳಿನ ಸಂಬಳದಂತೆ ಅದೂ ಒಂದು ಖರ್ಚು. ಸಗಟು ಅಕ್ಕಿ, ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ಎರಡು ಮೂರು ರೂಪಾಯಿ ಉಳಿದರೆ ಹೆಚ್ಚು. ಅಲ್ಲಿ ಕಾರ್ಡು ಉಜ್ಜಿದರೆ ವ್ಯಾಪಾರಿಗೆ ಮೂಟೆ ಹೊತ್ತ ಸುಖವೊಂದೇ.

ಹಾಗೆಂದು ಬಿಲ್ಲು ಬರೆದಾದ ಮೇಲೆ ಸೇರಿಸುವುದು ನಮಗೆ ಒಪ್ಪಿಗೆಯಿಲ್ಲ. ಮಶೀನು ತರುವಾಗ ಸಹಿ ಹಾಕಿದ ಕರಾರನ್ನು ಒಮ್ಮೆ ತೆಗೆದು ಓದಿ. ಗಿರಾಕಿಯಿಂದ ಹೆಚ್ಚು ಕೇಳಬಾರದೆಂದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ದಲಾಲಿ, ಹಮಾಲಿ ಎಷ್ಟೆಂದು ತಕ್ಕಡಿಗೆ ಹಾಕುವ ಮೊದಲೇ ಎಲ್ಲರಿಗೂ ಗೊತ್ತು. ತೂಕವಾದ ಮೇಲೆ ಹೊಸದೊಂದು ಹೇಳಿದರೆ ರೈತ ಸುಮ್ಮನಿರುತ್ತಾನೆಯೇ? ಜವಳಿ ಗಿರಾಕಿ ಸುಮ್ಮನಿರುತ್ತಾನೆ, ಏಕೆಂದರೆ ಹೆಂಡತಿ ಮಕ್ಕಳ ಮುಂದೆ ಚೌಕಾಸಿ ಮಾಡಲು ಅವನಿಗೆ ನಾಚಿಕೆ. ಆದರೆ ಹಿಂದೂಪುರದವನಿಗೆ ಗೌರಿಬಿದನೂರು ದೂರವಲ್ಲ, ಕಲ್ಯಾಣದುರ್ಗದವನಿಗೆ ಅನಂತಪುರದ ಬಸ್ಸಿದೆ. ಮುಂದಿನ ಮದುವೆಗೆ ಅವನು ಅಲ್ಲಿ ಇಳಿಯುತ್ತಾನೆ.

ಸಗಟಿನವರು ಕ್ರೆಡಿಟ್ ಕಾರ್ಡು ಬೇಡವೆಂದರೆ ಅದನ್ನು ಬಾಗಿಲಲ್ಲೇ ಬರೆದು ಹಾಕಲಿ: ಡೆಬಿಟ್ ಕಾರ್ಡು, ಯುಪಿಐ ಉಂಟು, ಕ್ರೆಡಿಟ್ ಕಾರ್ಡು ಇಲ್ಲ. ಚಿಲ್ಲರೆಯವರು ತಿಂಗಳಿಗೊಮ್ಮೆ ಬ್ಯಾಂಕಿನಿಂದ ಮಶೀನಿನ ಸ್ಟೇಟ್‌ಮೆಂಟು ತರಿಸಿ, ಡೆಬಿಟ್ ಬೇರೆ, ಕ್ರೆಡಿಟ್ ಬೇರೆ ಮಾಡಿ, ಹಿಡಿದ ಶುಲ್ಕವನ್ನು ಕೂಡಿ ನೋಡಲಿ. ಡೆಬಿಟ್ಟಿಗೆ 90 ಪೈಸೆಗಿಂತ ಹೆಚ್ಚು ಹಿಡಿದಿದ್ದರೆ ಜಗಳವಾಡಬೇಕಾದ್ದು ಗಿರಾಕಿಯೊಡನೆ ಅಲ್ಲ, ಬ್ಯಾಂಕಿನ ಮ್ಯಾನೇಜರೊಡನೆ.