ಚಷ್ಮಾದ ನಂಬರ್ ನೋಡಿದರೆ ಸಾಲದು

“ಚಷ್ಮಾ ಹಳೇದಾಗೈತ್ರಿ ಸರ, ನಂಬರ್ ಬದಲಾಗಿರಬೇಕು” ಎನ್ನುತ್ತ ಮಸ್ಕಿ ಕಡೆಯ ರೈತರೊಬ್ಬರು ನನ್ನ ದವಾಖಾನೆಗೆ ಬಂದರು. ಅವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಆಫ್ತಾಲ್ಮೋಸ್ಕೋಪ್ ಹಿಡಿದು ಕಣ್ಣಿನೊಳಗೆ ನೋಡಿದಾಗ ಅಕ್ಷಿಪಟಲದ ಮೇಲೆ ರಕ್ತದ ಚುಕ್ಕೆಗಳು, ಹಳದಿ ಕಲೆಗಳು ಕಂಡವು. ಅಷ್ಟು ವರ್ಷ ಅವರಿಗೆ ಗುಳಿಗೆ ಬರೆದುಕೊಟ್ಟವನು ನಾನೇ. ಉಪಕರಣ ಮೇಜಿನ ಡ್ರಾಯರ್‌ನಲ್ಲೇ ಇತ್ತು, ಒಮ್ಮೆಯೂ ಹೊರತೆಗೆದಿರಲಿಲ್ಲ.

ಕಣ್ಣಿನ ಪಾಪೆ ನಮಗೆ ಕಪ್ಪಾಗಿ ಕಾಣುತ್ತದೆ. ಒಳಹೋದ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ. ಅದನ್ನು ನೋಡಲು ಹೋದರೆ ನಮ್ಮ ತಲೆಯೇ ಬೆಳಕಿಗೆ ಅಡ್ಡ. ಬೆಳಕು ಬಿಡುವ ದಾರಿಯಲ್ಲೇ ನೋಡುವ ಉಪಾಯವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದರು. ಇಂದು ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣ. ಅಕ್ಷಿಪಟಲವನ್ನು ಸುಮಾರು 15 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಚರ್ಮ ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ದೇಹದಲ್ಲಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಮಾಡಿದ ಹಾನಿ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಆದರೆ ಇದರಲ್ಲಿ ಕಾಣುವುದು ಸ್ವಲ್ಪ ಭಾಗ ಮಾತ್ರ. ಆದ್ದರಿಂದ ನೇತ್ರತಜ್ಞರು ಹನಿ ಹಾಕಿ ಪಾಪೆ ಹಿಗ್ಗಿಸಿ, ತಲೆಗೆ ಕಟ್ಟಿಕೊಂಡ ದೀಪ ಮತ್ತು ಕೈಯ ಮಸೂರದಿಂದ ಅಂಚಿನವರೆಗೂ ಪರೀಕ್ಷಿಸುತ್ತಾರೆ. ಕ್ಯಾಮೆರಾದಲ್ಲಿ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸಲೂ ಸಾಧ್ಯ.

ಡಾ. ಎಂ.ಸಿ. ಮೋದಿ ಅವರು ಊರೂರಿನಲ್ಲಿ ನಡೆಸಿದ ಶಿಬಿರಗಳು ಪೊರೆಯ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ಜನರಿಗೆ ಧೈರ್ಯ ಕೊಟ್ಟವು. ಪೊರೆಯಿಂದ ಮಂಜಾದ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಅಕ್ಷಿಪಟಲ ಹಾಳಾಗಿ ಹೋದ ದೃಷ್ಟಿ ಹಾಗಲ್ಲ. ಮೊದಲಲ್ಲಿ ನೋವಿಲ್ಲ, ದೃಷ್ಟಿಯೂ ಮಂಜಾಗದು. ಆಗಲೇ ಗುರುತಿಸಿದರೆ ಸಕ್ಕರೆ, ಬಿ.ಪಿ. ಹತೋಟಿ, ಬೇಕಾದಾಗ ಲೇಸರ್ ಅಥವಾ ಚುಚ್ಚುಮದ್ದಿನಿಂದ ದೃಷ್ಟಿ ಉಳಿಸಬಹುದು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಬಳಿಕ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು.

ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು. ಬೈಕ್ ಓಡಿಸಬಾರದು, ಜೊತೆಗೊಬ್ಬರು ಬೇಕು. ಕೂಲಿ ಮಾಡುವ ಮನೆಗೆ ಅದು ಇಬ್ಬರ ದಿನದ ಕೂಲಿ. ಅದಕ್ಕೇ ಈ ಪರೀಕ್ಷೆ ಸಿಂಧನೂರು, ಲಿಂಗಸೂಗೂರು, ಮಸ್ಕಿಯಲ್ಲೇ ತಪ್ಪದೆ ಸಿಗುವಂತಾಗಬೇಕು. ಶುಗರ್ ತಪಾಸಣೆಯ ಶಿಬಿರ ನಡೆಸುವವರು ಅಕ್ಷಿಪಟಲದ ಪರೀಕ್ಷೆಯನ್ನೂ ಅದರೊಂದಿಗೆ ಸೇರಿಸಲಿ. ನನ್ನಂಥ ಸಾಮಾನ್ಯ ವೈದ್ಯರು ಡ್ರಾಯರ್‌ನಲ್ಲಿರುವ ಉಪಕರಣ ಹೊರತೆಗೆಯಲಿ, ಸಂಶಯಕ್ಕೆ ಕಾಯದೆ ಸಕ್ಕರೆ ರೋಗಿಗಳನ್ನು ತಜ್ಞರ ಬಳಿ ಕಳಿಸಲಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಮುಂದಿನ ಸಲ ವೈದ್ಯರನ್ನು ಕೇಳಿ: “ಕಣ್ಣಿನ ಒಳಗೆ ಯಾವಾಗ ನೋಡ್ತೀರಿ?” ಹಾಗೆ ಕೇಳಿದ್ದಕ್ಕೆ ನಾವು ವೈದ್ಯರು ಬೇಸರಪಡಬಾರದು.