ಬಿಟ್ಟುಹೋದವರಾರು?



ಕಾಲೇಜು ಮಕ್ಕಳ ಗಣಿತ ಪುಸ್ತಕದಲ್ಲಿ ‘ಈ ಫಲನವು ಆನ್‌ಟು ಆಗಿದೆಯೇ?’ ಎಂಬ ಪ್ರಶ್ನೆಯುಂಟು. ಹತ್ತಾರು ಸಂಖ್ಯೆಗಳನ್ನು ಹಾಕಿ ನೋಡಿ, ಎಲ್ಲಕ್ಕೂ ಉತ್ತರ ಬಂದಿತೆಂದು ‘ಹೌದು’ ಎಂದು ಬರೆಯುವ ಮಕ್ಕಳನ್ನು ನಾವು ಕಂಡಿದ್ದೇವೆ. ಗುಣಾಕಾರ ಭಾಗಾಕಾರಗಳಲ್ಲಿ ಅವರು ತಪ್ಪಿರುವುದಿಲ್ಲ. ನೋಡಬೇಕಾದ ಕಡೆ ನೋಡಿರುವುದಿಲ್ಲ.

ಅಂಚೆಯವನ ಚೀಲದ ಪ್ರತಿಯೊಂದು ಕಾಗದಕ್ಕೂ ಒಂದೇ ವಿಳಾಸ. ಯಾವ ಕಾಗದ ಯಾವ ಮನೆಗೆ ಎಂಬ ನಿಯಮವನ್ನು ಫಲನವೆನ್ನೋಣ. ಚೀಲ ಬರಿದಾದರೆ ಅಂಚೆಯವನ ಕೆಲಸ ತೀರಿತು. ಆದರೆ ಊರಿನ ಪ್ರತಿಯೊಂದು ಮನೆಗೂ ಒಂದಾದರೂ ಕಾಗದ ತಲುಪಿದ್ದರೆ ಮಾತ್ರ ಫಲನವು ಆನ್‌ಟು. ಒಂದು ಮನೆಗೆ ಎರಡು ಬಂದರೂ ಬಾಧಕವಿಲ್ಲ. ಒಂದು ಮನೆ ಬಿಟ್ಟುಹೋಗಬಾರದು. ಆದಕಾರಣ ಮನೆಯ ಬಾಗಿಲಲ್ಲಿ ನಿಂತು ವಿಚಾರಿಸಬೇಕು. ಯಾವ ಯಾವ ಮನೆಗಳು ಲೆಕ್ಕಕ್ಕೆ ಸೇರಿವೆಯೆಂಬುದೂ ಮೊದಲೇ ಗೊತ್ತಿರಬೇಕು.

ಸಂಖ್ಯೆಯನ್ನು ಇಮ್ಮಡಿಸಿ 3 ಕೂಡಿಸುವ ನಿಯಮವನ್ನು ತೆಗೆದುಕೊಳ್ಳೋಣ. ಬರಬೇಕಾದ ಉತ್ತರ ಯಾವುದೇ ಇರಲಿ, ಅದರಿಂದ 3 ಕಳೆದು ಅರ್ಧ ಮಾಡಿದರೆ ಮೂಲಸಂಖ್ಯೆ ದೊರೆಯುತ್ತದೆ. ವಾಸ್ತವ ಸಂಖ್ಯೆಗಳಲ್ಲಿ ಆ ಅರ್ಧವು ಸದಾ ಉಂಟು. ಆದ್ದರಿಂದ ಅಲ್ಲಿ ನಿಯಮವು ಆನ್‌ಟು. ಪೂರ್ಣಾಂಕಗಳಲ್ಲಿ ಮಾತ್ರ ನಡೆದರೆ 4ಕ್ಕೆ ಮೂಲವಿಲ್ಲ. 1ರ ಅರ್ಧ ಪೂರ್ಣಾಂಕವಲ್ಲ. ನಿಯಮ ಅದೇ, ಗಣ ಬದಲಾದೊಡನೆ ತೀರ್ಪು ಬದಲಾಯಿತು.

ಗಣವು ಅನಂತವಾಗಿರುವಲ್ಲಿ ‘ಹೌದು’ ಎನ್ನಲು ಸಾವಿರ ನಿದರ್ಶನಗಳೂ ಸಾಲವು. ಎಲ್ಲಕ್ಕೂ ಸಲ್ಲುವ ತರ್ಕ ಬೇಕು. ‘ಅಲ್ಲ’ ಎನ್ನಲು ಬಿಟ್ಟುಹೋದುದು ಒಂದೇ ಸಾಕು.

ಆ ಒಂದರ ಬಲವನ್ನು ಗಣಿತಜ್ಞ ಜಾರ್ಜ್ ಕ್ಯಾಂಟರ್ 1891ರಲ್ಲಿ ಜಗತ್ತಿಗೆ ತೋರಿದರು. ಅವರ ತರ್ಕದ ಸಾರವಿಷ್ಟು: ಊರಿನ ಪ್ರತಿಯೊಬ್ಬರಿಗೂ ಊರವರದೇ ಒಂದೊಂದು ಗುಂಪನ್ನು ಹಂಚಿದೆವೆನ್ನಿ. ತಮಗೆ ಬಂದ ಗುಂಪಿನಲ್ಲಿ ತಾವೇ ಇಲ್ಲದವರನ್ನೆಲ್ಲ ಒಂದೆಡೆ ಕೂಡಿಸಿ. ಈ ಗುಂಪು ಯಾರ ಪಾಲಿಗೂ ಬಂದಿರಲಾರದು. ಬಂದಿದ್ದರೆ, ಆ ವ್ಯಕ್ತಿ ಅದರಲ್ಲಿದ್ದರೆ ಇರಕೂಡದು, ಇಲ್ಲದಿದ್ದರೆ ಇರಲೇಬೇಕು! ಅನಂತ ಗಣಕ್ಕೂ ಇದೇ ಮಾತು: ಯಾವ ಗಣದಿಂದಲೂ ಅದರ ಸಕಲ ಉಪಗಣಗಳನ್ನು ಮುಟ್ಟುವ ಫಲನವಿಲ್ಲ.

ಹಂಚಿದವನ ಲೆಕ್ಕ ತೀರಿದಾಕ್ಷಣ ಪಡೆಯಬೇಕಾದವರ ಲೆಕ್ಕ ತೀರುವುದಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಪಾತ್ರೆಯನ್ನು ನೋಡಿ ನಿಲ್ಲದೆ ಕೊನೆಯ ಎಲೆಯವರೆಗೂ ಕಣ್ಣು ಹಾಯಿಸುವುದು ಇದಕ್ಕಾಗಿಯೇ. ಮಕ್ಕಳು ಈ ಲೆಕ್ಕ ಮಾಡುವಾಗ ತಾಯ್ತಂದೆಗಳು ಗಣಿತ ಬಾರದೆಂದು ಹಿಂಜರಿಯಬೇಕಾಗಿಲ್ಲ, ‘ಬಿಟ್ಟುಹೋದವರಾರು?’ ಎಂದೊಮ್ಮೆ ಕೇಳಲಿ.