ಗುಡಿಗಾರರ ಕೈಯಲ್ಲಿ ಗಂಧದ ಕೊರಡು

ಗಂಧವನ್ನು ತೇದಷ್ಟೂ ಪರಿಮಳ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಅದೇ ಗಂಧದ ಕೊರಡನ್ನು ಉಳಿಯಿಂದ ಕೆತ್ತಿ ದೇವರ ಮೂರ್ತಿ, ಮಂಟಪ, ಆಭರಣದ ಪೆಟ್ಟಿಗೆ ಮಾಡುವ ಗುಡಿಗಾರರ ವಿಷಯ ಉತ್ತರ ಕನ್ನಡದ ಎಷ್ಟೋ ಮಕ್ಕಳಿಗೆ ತಿಳಿದಿಲ್ಲ. ಕರಾವಳಿಯ ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಸಾಗರ, ಸೊರಬ ಇವರ ನೆಲೆಗಳು. ಪೋರ್ಚುಗೀಸರ ಕಾಲದಲ್ಲಿ ತಮ್ಮ ಹಿರಿಯರು ಗೋವೆಯಿಂದ ಇತ್ತ ಬಂದರೆಂಬುದು ಈ ಸಮುದಾಯದಲ್ಲಿ ನಡೆದುಬಂದ ನಂಬಿಕೆ. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗೆಜೆಟಿಯರಿನಲ್ಲಿಯೂ ಇವರ ಗಂಧದ ಕೆತ್ತನೆಯ ಪ್ರಸ್ತಾಪವಿದೆ.

ಮರಗೆಲಸ ಈ ಕರಾವಳಿಗೆ ಬಹಳ ಹಳೆಯದು. ಜೋರು ಮಳೆಗೆ ಮರ ಬಾಳುವುದು ಕಷ್ಟ. ಆದ್ದರಿಂದ ಹಳೆಯ ಕಟ್ಟಡಗಳು ಹೆಚ್ಚು ಉಳಿದಿಲ್ಲ. ಆದರೆ ಭಟ್ಕಳದಲ್ಲಿ ವಿಜಯನಗರ ಕಾಲದ ಖೇತಪೈ ನಾರಾಯಣ ದೇವಸ್ಥಾನವನ್ನು ನೋಡಿದರೆ ಆ ಪರಂಪರೆಯ ಕುರುಹು ಸಿಗುತ್ತದೆ. ಅದರ ಇಳಿಜಾರು ಮಾಡು ಕಲ್ಲಿನ ಚಪ್ಪಡಿಗಳದು. ಗೋಡೆಯ ಜಾಲಂದ್ರಗಳೂ ಕಲ್ಲಿನವೇ. ಆದರೆ ಅವುಗಳ ರೀತಿಯೆಲ್ಲ ಮರಗೆಲಸದ್ದು. ಬಡಗಿಗಳಿಂದ ಕಲಿತದ್ದನ್ನು ಶಿಲ್ಪಿಗಳು ಕಲ್ಲಿಗೆ ಇಳಿಸಿದ್ದಾರೆ.

ಗಂಧವೇ ಏಕೆ?

ಕೆತ್ತನೆಗೆ ಗಂಧದ ಮರ ಒಗ್ಗುವುದಕ್ಕೆ ಪರಿಮಳವೊಂದೇ ಕಾರಣವಲ್ಲ. ವಿದ್ಯಾರ್ಥಿಗಳು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಸಾಗುವಾನಿಯ ಒಂದು ತುಂಡಿನ ಅಡ್ಡ ಕೊಯ್ತವನ್ನು ನೋಡಿ. ಉಂಗುರಗಳೂ ಸಣ್ಣ ರಂಧ್ರಗಳೂ ಬರಿಗಣ್ಣಿಗೇ ಕಾಣುತ್ತವೆ. ದೇವರ ಕೋಣೆಯ ಗಂಧದ ಕೊರಡಿನಲ್ಲಿ ರಂಧ್ರಗಳನ್ನು ಕಾಣಲು ಭೂತಗನ್ನಡಿಯೇ ಬೇಕು. ಅವು ಅಷ್ಟು ಸಣ್ಣವು, ಎಲ್ಲ ಕಡೆ ಸಮನಾಗಿ ಹರಡಿದವು. ಮರದಲ್ಲಿ ಗಟ್ಟಿ ಪದರ, ಮೆದು ಪದರ ಎಂಬ ಭೇದ ಕಡಿಮೆಯಾದ್ದರಿಂದ ಉಳಿ ಯಾವ ದಿಕ್ಕಿಗೆ ಹೋದರೂ ಸುಲಭವಾಗಿ ಸಿಬಿರೇಳುವುದಿಲ್ಲ. ಬಳ್ಳಿಯ ಎಳೆ, ನವಿಲಿನ ಗರಿ, ದೇವರ ಬೆರಳು ಅಷ್ಟು ನಯವಾಗಿ ಮೂಡುವುದು ಇದರಿಂದಲೇ.

ಪರಿಮಳವಿರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ಪರಿಮಳಕ್ಕೆ ಮುಖ್ಯ ಕಾರಣ ಸ್ಯಾಂಟಲಾಲ್ ಎಂಬ ವಸ್ತು. ಕರ್ಪೂರದ ಅಣುವಿನಲ್ಲಿ ಇಂಗಾಲದ 10 ಪರಮಾಣುಗಳಿದ್ದರೆ ಇದರಲ್ಲಿ 15. ಭಾರವಾದ ಈ ಅಣು ಬಹಳ ನಿಧಾನವಾಗಿ ಆವಿಯಾಗುತ್ತದೆ. ತೆರೆದಿಟ್ಟ ಕರ್ಪೂರ ಕೆಲವೇ ದಿನಗಳಲ್ಲಿ ಕರಗಿಹೋದರೆ, ಅಜ್ಜಿಯ ಕಾಲದ ಗಂಧದ ಪೆಟ್ಟಿಗೆಯನ್ನು ಮೊಮ್ಮಗಳು ತೆರೆದಾಗಲೂ ಕಂಪು ಬರುವುದು ಇದರಿಂದ.

ಗಂಧವೊಂದೇ ಅಲ್ಲ

ಮದುವೆಯ ಬಾಸಿಂಗಕ್ಕೆ ಬೆಂಡಿನಲ್ಲಿ ಹೂ ಕೊರೆಯುವುದೂ ಗುಡಿಗಾರರ ಕಸುಬೇ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರು. ಇಂಥ ಮೇಳಗಳ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಒಳಗಿರುವುದು ಕೆತ್ತಿದ ಹಗುರ ಮರ. ಮೇಲೆ ಬಂಗಾರ ಬಣ್ಣದ ಹಾಳೆ, ಕನ್ನಡಿಯ ಚೂರು. ವೇಷಧಾರಿ ರಾತ್ರಿಯಿಡೀ ಕುಣಿಯಬೇಕಾದ್ದರಿಂದ ಮರ ಹಗುರವಾಗಿರಲೇಬೇಕು. ಯಾವ ಕೆಲಸಕ್ಕೆ ಯಾವ ಮರ ಎಂಬ ಈ ವಿವೇಕ ಪುಸ್ತಕದಿಂದ ಬಂದದ್ದಲ್ಲ.

ತೊಡಕು ಎಲ್ಲಿದೆ?

ಹಿಂದೆ ಗುಡಿಗಾರರು ಆನೆಯ ದಂತವನ್ನೂ ಕೆತ್ತುತ್ತಿದ್ದರು. ಆನೆಗಳ ಉಳಿವಿಗಾಗಿ ಸರ್ಕಾರ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿಯಿಂದ ಆಫ್ರಿಕದ ದಂತಕ್ಕೂ ತಡೆ ಬಿತ್ತು. ಅದು ಸರಿಯಾದ ಕ್ರಮವೇ. ಗಂಧದ ಕತೆ ಬೇರೆ. ಮರ ತನ್ನ ಹಿತ್ತಲಿನಲ್ಲಿದ್ದರೂ ಬಹುಕಾಲ ಅದು ಸರ್ಕಾರದ ಸ್ವತ್ತಾಗಿತ್ತು. ಇಲ್ಲದ ತಾಪತ್ರಯವೇಕೆಂದು ರೈತರು ಸಸಿಯನ್ನೇ ಕಿತ್ತೆಸೆಯುತ್ತಿದ್ದರು. ಜೊತೆಗೆ ಕಳ್ಳಸಾಗಣೆ ಮತ್ತು ಸ್ಪೈಕ್ ರೋಗ ಸೇರಿ ಮರಗಳು ವಿರಳವಾದವು, ಬೆಲೆ ಗಗನಕ್ಕೇರಿತು. ನ್ಯಾಯವಾಗಿ ಕೊಂಡು ಕೆತ್ತುವವನಿಗೆ ಕೊರಡು ಸಿಗದಾಯಿತು. ಅನೇಕರು ಶಿವನೆಯಂಥ ಮರಗಳತ್ತ ಹೊರಳಿದರು. ಕೆಲವರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಅವರನ್ನು ದೂರುವಂತಿಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ ಕೆತ್ತನೆಗೂ ಯಂತ್ರದ ಗೊಂಬೆಗೂ ಕೊಳ್ಳುವವರು ಒಂದೇ ಬೆಲೆ ಕಟ್ಟಿದರೆ ಮನೆ ನಡೆಯುವುದು ಹೇಗೆ?

ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿ ಗಂಧದ ಮರದ ಒಡೆತನವನ್ನು ಜಮೀನಿನ ಒಡೆಯನಿಗೇ ಕೊಟ್ಟಿತು. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕಾದರೂ ಈಗ ನೆಡುವವರಿದ್ದಾರೆ. ನೆಡುವಾಗ ಒಂದು ಸಂಗತಿ ತಿಳಿದಿರಬೇಕು: ಗಂಧ ಅರೆ ಪರಾವಲಂಬಿ. ಹಸಿರೆಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿದರೂ, ನೀರು ಮತ್ತು ಲವಣಗಳಿಗಾಗಿ ಪಕ್ಕದ ಗಿಡಗಳ ಬೇರಿಗೆ ತನ್ನ ಹೀರುಬೇರನ್ನು ಕಳಿಸುತ್ತದೆ. ಸಸಿಯ ಬದಿಯಲ್ಲಿ ತೊಗರಿ ಬಿತ್ತುವುದು ಅದಕ್ಕಾಗಿಯೇ. ಅತಿಮಳೆಯ ಕರಾವಳಿಗಿಂತ ಘಟ್ಟದ ಆಚೆಯ ಒಣ ಭೂಮಿಯೇ ಅದಕ್ಕೆ ಹಿತ.

ಎಂಟನೇ ತರಗತಿಯ ವಿದ್ಯಾರ್ಥಿ ಇಂದು ನೆಟ್ಟ ಸಸಿಯಲ್ಲಿ ಕೆತ್ತನೆಗೆ ಒದಗುವಷ್ಟು ಚೇಗು ಕಟ್ಟುವ ಹೊತ್ತಿಗೆ ಅವನಿಗೆ 40 ದಾಟಿರುತ್ತದೆ. ಮರವನ್ನು ಹೀಗೆ ಮತ್ತೆ ಬೆಳೆಸಬಹುದು. ಆದರೆ ಕೆತ್ತುವ ಕೈ ಒಮ್ಮೆ ನಿಂತುಹೋದರೆ ಅದನ್ನು ಬಿತ್ತಿ ಬೆಳೆಸಲಾಗದು. ಕಲಿಸಬಲ್ಲ ಹಿರಿಯರು ಇರುವಾಗಲೇ ಶಾಲೆಗಳು ಮಕ್ಕಳನ್ನು ಒಂದು ದಿನ ಗುಡಿಗಾರರ ಮನೆಯ ಜಗಲಿಗೆ ಕರೆದೊಯ್ಯಲಿ. ಉಳಿ ಹಿಡಿಯುವ ಆಸೆ ಅವರಲ್ಲಿ ಒಬ್ಬನಿಗೆ ಹುಟ್ಟಿದರೂ ಆ ದಿನ ಸಾರ್ಥಕ.